ನಡುವೆ ಸವೆದ ಸ್ಟೂಲು

ಬೆಳಗಿನ ಆರು ಗಂಟೆ. ದಂತವೈದ್ಯೆಯ ಕ್ಲಿನಿಕ್ಕಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಕುಶನ್ ಮಾಮ ಚಪ್ಪಲಿ ಹೊರಗೆ ಬಿಟ್ಟು, ನೆಲಕ್ಕೆ ಹಳೆಯ ಪತ್ರಿಕೆ ಹಾಸಿ, ಡಾಕ್ಟರಮ್ಮ ಕೂರುವ ಗಾಲಿ ಸ್ಟೂಲಿನ ಮುಂದೆ ಮಂಡಿಯೂರಿದ್ದಾರೆ. ಇನ್ನೂ ಮುಟ್ಟಿಲ್ಲ. ಕನ್ನಡಕ ಒರೆಸುತ್ತಾರೆ, ಹಾಕಿಕೊಳ್ಳುತ್ತಾರೆ, ಮತ್ತೆ ತೆಗೆದು ಒರೆಸುತ್ತಾರೆ.

ಸೀಟು ಹೊಲಿಯುವುದರಲ್ಲೇ ಅವರ ಮೂವತ್ತೊಂದು ವರ್ಷ ಕಳೆದಿದೆ. ಮೊದಲು ಬಸ್ಸಿನ ಸೀಟು, ಈಗ ಹಲ್ಲಿನ ಹದಿನಾಲ್ಕು ಆಸ್ಪತ್ರೆಗಳ ಸ್ಟೂಲು. ದಿನಕ್ಕೆ ಎರಡು. ಮೂರನೆಯದಕ್ಕೆ ಕೈ ಹಾಕಿದರೆ ಹೆಂಡತಿ ಕತ್ತರಿ ಬಚ್ಚಿಡುತ್ತಾರೆ. “ಊರೋರ ಸೊಂಟ ರಿಪೇರಿ ಮಾಡೋ ಮಹಾರಾಯ್ರೇ, ನಿಮ್ಮ ಸೊಂಟಕ್ಕೆ ಯಾರು ಹೊಲಿಗೆ ಹಾಕ್ತಾರೆ?”

ರೆಕ್ಸಿನ್ ಎಲ್ಲಿ ಸವೆದಿದೆ ಎಂದು ನೋಡಿದರೆ ಸಾಕು, ಕೂತವರಿಗೆ ಎಲ್ಲಿ ನೋವೆಂದು ಮಾಮನಿಗೆ ತಿಳಿಯುತ್ತದೆ. “ಎಡ ಅಂಚು ಹರಿದಿದ್ರೆ ಬಲಕ್ಕೆ ತಿರುಚ್ಕೊಂಡು ಕೂರ್ತಾರೆ ಅಂತ ಲೆಕ್ಕ. ಮುಂದಿನ ಅಂಚು ಹರಿದ್ರೆ ಬಾಗಿ ಬಾಗಿ ಕತ್ತು ಹೋಯ್ತು ಅಂತ.”

ಇಷ್ಟು ತಿಳಿದವರೂ ಒಮ್ಮೆ ಎಡವಿದರು. ಕತ್ತು ನೋವೆಂದು ಡಾಕ್ಟರಮ್ಮ ದಪ್ಪ ಕುಶನ್ ಕೇಳಿದಾಗ, ಹಿಂದುಮುಂದು ನೋಡದೆ ನಾಲ್ಕು ಬೆರಳು ದಪ್ಪದ ಫೋಮ್ ತುಂಬಿಬಿಟ್ಟರು. ಡಾಕ್ಟರಮ್ಮ ಗಿಡ್ಡ. ಸ್ಟೂಲನ್ನು ಪೂರ್ತಿ ಇಳಿಸಿದರೂ ಕಾಲು ನೆಲಕ್ಕೆ ಎಟುಕದೆ, ಅಂಚಿಗೆ ಜಾರಿ ಇನ್ನಷ್ಟು ಬಾಗಿದರು. ಕತ್ತಿನ ನೋವು ಕೈಗಿಳಿದು ಹೆಬ್ಬೆರಳು, ತೋರುಬೆರಳು ಜೋಮು ಹಿಡಿದವು.

“ಇನ್ನಾರು ತಿಂಗಳು ನೋಡ್ತೀನಿ ಮಾಮ. ಡ್ರಿಲ್ ಹಿಡಿಯೋಕಾಗ್ಲಿಲ್ಲ ಅಂದ್ರೆ ಕ್ಲಿನಿಕ್ ಬಾಗಿಲು ಹಾಕ್ತೀನಿ,” ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮರುದಿನ ಅಪ್ಪಣೆ ಕೇಳಿ, ಕ್ಲಿನಿಕ್ಕಿನ ಮೂಲೆಯಲ್ಲಿ ಇಡೀ ಬೆಳಗ್ಗೆ ಕೂತು ನೋಡಿದರು. ರೋಗಿಯ ಕುರ್ಚಿ ತೀರಾ ತಗ್ಗು. ಡ್ರಿಲ್ಲಿನ ಪೆಡಲ್ ಮಾರು ದೂರ. ಫೋಮನ್ನು ಕಾಲುಭಾಗಕ್ಕೆ ಕತ್ತರಿಸಿದರು, ಪೆಡಲನ್ನು ಪಾದದ ಬಳಿಗೆ ಎಳೆದರು, ರೋಗಿಯ ಬಾಯಿ ಡಾಕ್ಟರಮ್ಮನ ಮೊಣಕೈ ಮಟ್ಟಕ್ಕೆ ಬರುವಂತೆ ಕುರ್ಚಿ ಏರಿಸಿದರು. “ಒಬ್ಬರು ಎದ್ದು ಹೋದ್ಮೇಲೆ ನೀವೂ ಎದ್ದು ನಾಲ್ಕು ಹೆಜ್ಜೆ ಹಾಕಿ,” ಎಂದರು. ಡಾಕ್ಟರಮ್ಮನ ಕತ್ತು ನೋಡಿದ ವೈದ್ಯರು ಹೇಳಿದ ವ್ಯಾಯಾಮವೂ ಜೊತೆಗೂಡಿತು.

ಇವತ್ತಿಗೆ ಆರು ತಿಂಗಳು. ಮಾಮ ಕೊನೆಗೂ ಸೀಟಿನ ಮೇಲೆ ಅಂಗೈ ಆಡಿಸುತ್ತಾರೆ. ಅಂಚು ಹೊಸದರ ಹಾಗೇ ನುಣುಪಾಗಿದೆ. ಹೊಳಪು ಮಾಸಿರುವುದು ನಡುವೆ ಮಾತ್ರ. ಅಂದರೆ ಡಾಕ್ಟರಮ್ಮ ಈಗ ನೆಟ್ಟಗೆ ಕೂರುತ್ತಿದ್ದಾರೆ. ಖುಷಿಗೆ ಮೊಳೆಯ ಡಬ್ಬಿ ಕೈಜಾರಿ, ಮೊಳೆಗಳು ನೆಲಕ್ಕೆ ಚೆಲ್ಲುತ್ತವೆ.

“ಬೆಳಗಾಗ್ತಿದ್ದಂಗೆ ನನ್ನ ನೆಲಕ್ಕೆ ಮೊಳೆ ಹೊಡೀತಿದ್ದೀರಾ?” ಚಹಾದ ಫ್ಲಾಸ್ಕ್ ಹಿಡಿದು ಬಂದ ಡಾಕ್ಟರಮ್ಮ ನಗುತ್ತಾರೆ.

“ಬೆರಳು ಹೇಗಿದೆ ತಾಯಿ?”

ಡಾಕ್ಟರಮ್ಮ ಫ್ಲಾಸ್ಕ್ ಪಕ್ಕಕ್ಕಿಡುತ್ತಾರೆ. ಕೂತು, ಅಕ್ಕಿಕಾಳಿನಷ್ಟಿರುವ ಮೊಳೆಗಳನ್ನು ಅದೇ ಎರಡು ಬೆರಳಲ್ಲಿ ಒಂದೊಂದಾಗಿ ಹೆಕ್ಕಿ ಮಾಮನ ಅಂಗೈಗೆ ಹಾಕುತ್ತಾರೆ. ಹನ್ನೊಂದು. ಒಂದೂ ಜಾರಲಿಲ್ಲ.

ಮಾಮ ಡಬ್ಬಿಯ ಮುಚ್ಚಳ ಒತ್ತುತ್ತಾರೆ. “ಇನ್ನು ಈ ಸ್ಟೂಲಿಗೆ ನನ್ನ ಕೆಲಸ ಇಲ್ಲ ಬಿಡಿ. ಎಲ್ಲಾರ ಸ್ಟೂಲೂ ಹೀಗೆ ನಡುವೆ ಸವೀಲಿ. ಆಗ ಕೂತೋರ ನಡು ಉಳಿಯುತ್ತೆ.”