ಡೀಸೆಲ್ ಟ್ಯಾಂಕೂ ಉತ್ತರದ ಬಿಸಿಲೂ

ರಿಕ್ಕರ್ಟನ್ ಬಡಾವಣೆಯ ಆ ಹಳೆಯ ಮನೆಯನ್ನು ನಾವು ಬಾಡಿಗೆಗೆ ಹಿಡಿದದ್ದು ಬೇಸಿಗೆಯಲ್ಲಿ. ನಾನು ನರ್ಸ್ ಆಗಿದ್ದ ಆಸ್ಪತ್ರೆಗೆ ಒಂದೇ ಬಸ್ಸು, ಮಗಳ ಶಾಲೆಗೆ ನಡೆದೇ ಹೋಗಬಹುದು. ಗಂಡ ವೆಲ್ಲಿಂಗ್ಟನ್ನಿನಲ್ಲಿ ಕೆಲಸದಲ್ಲಿದ್ದು, ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಿದ್ದರು. ಹಿತ್ತಲ ಬೇಲಿಗೆ ಒತ್ತಿ ನಿಂತ ಹಸಿರು ಟ್ಯಾಂಕು ನೀರಿನದಿರಬೇಕೆಂದು ನಾನು ಅಂದುಕೊಂಡಿದ್ದೆ. ಅದು ಡೀಸೆಲ್ಲಿನದು. ಪಕ್ಕದ ಶೆಡ್ಡಿನ ಬಾಯ್ಲರು ಆ ಡೀಸೆಲ್ ಉರಿಸಿ ನೀರು ಕಾಯಿಸುತ್ತಿತ್ತು, ಬಿಸಿನೀರು ಕೊಳವೆಗಳಲ್ಲಿ ಹರಿದು ಪ್ರತಿ ಕೋಣೆಯ ಗೋಡೆಗಂಟಿದ ಕಬ್ಬಿಣದ ರೇಡಿಯೇಟರುಗಳನ್ನು ಬೆಚ್ಚಗೆ ಮಾಡುತ್ತಿತ್ತು.

ಜೂನಿನಲ್ಲಿ, ಇಲ್ಲಿ ಚಳಿಗಾಲ ಶುರುವಾದಾಗ, ಹುಬ್ಬಳ್ಳಿಯಿಂದ ಅವ್ವ ಬಂದಳು. ಅವಳಿಗೆ ಚಳಿಯಾಗಬಾರದೆಂದು ಎಲ್ಲ ಕೋಣೆಗಳಲ್ಲೂ ಶಾಖ ಬಿಟ್ಟೆ. ಮೂರು ವಾರಕ್ಕೆ ಟ್ಯಾಂಕು ಬರಿದಾಯಿತು. ಮತ್ತೆ ತುಂಬಿಸಿದ ದಿನ ಬಿಲ್ಲು ನೋಡುತ್ತ ಅಡುಗೆಮನೆಯಲ್ಲೇ ಕೂತುಬಿಟ್ಟೆ. ನನ್ನ ಎರಡು ವಾರದ ಸಂಬಳದ ಹತ್ತಿರಹತ್ತಿರ ಅರ್ಧ.

"ಯಾವ ಎಣ್ಣಿಗೆ ಇಷ್ಟು ಕೊಟ್ಟಿ?" ಅಂದಳು ಅವ್ವ. "ಶೇಂಗಾ ಎಣ್ಣಿಗೇನು?"

"ಡೀಸೆಲ್ ಅವ್ವಾ. ಲಾರಿಗೆ ಹಾಕ್ತಾರಲ್ಲಾ, ಅದು."

"ಲಾರಿ ಹೊಡಿಯೂ ಎಣ್ಣಿ ಸುಟ್ಟು ನನ್ನ ಬೆನ್ನು ಕಾಸಾಕತ್ತಿ ಏನು?"

ಅವ್ವ ಮೂವತ್ತು ವರ್ಷ ಹಪ್ಪಳ, ಸಂಡಿಗೆ ಮಾಡಿ ಮಾರಿದವಳು. ಮಾಳಿಗೆಯ ಮೇಲೆ ಯಾವ ಹೊತ್ತಿಗೆ ಎಲ್ಲಿ ಬಿಸಿಲು ಬೀಳುತ್ತದೆಂದು ಲೆಕ್ಕ ಹಾಕಿ ಚಾಪೆ ಸರಿಸುತ್ತ ನಮ್ಮನ್ನು ಓದಿಸಿದಳು. ಶಾಖವನ್ನು ದುಡ್ಡು ಕೊಟ್ಟು ಕೊಳ್ಳುವುದನ್ನು ಅವಳು ಕಂಡಿದ್ದು ಅದೇ ಮೊದಲು. ಮರುದಿನದಿಂದ ಶಾಲು ಹೊದ್ದು ಹಿತ್ತಲಲ್ಲಿ ನಿಲ್ಲತೊಡಗಿದಳು. ಬೆಳಿಗ್ಗೆ ಸ್ವಲ್ಪ ಹೊತ್ತು, ಮಧ್ಯಾಹ್ನ ಸ್ವಲ್ಪ ಹೊತ್ತು. ನಾಲ್ಕನೆಯ ದಿನ ನನಗೆ ರಜೆ. ಕೈಹಿಡಿದು ಹೊರಗೆ ಎಳೆದೊಯ್ದಳು.

"ಇವ ದಾರಿ ತಪ್ಯಾನೇನು?"

"ಯಾರು?"

"ಸೂರ್ಯಾ. ಮುಂಜಾನೆ ಅವನ ಕಡಿ ಮುಖ ಮಾಡಿ ನಿಂತ್ರ, ನಮ್ಮೂರಾಗ ಚಳಿಗಾಲಕ್ಕ ಬಲಗೈ ಕಡಿ ವಾಲ್ಕೋತ ಹೋಗ್ತಾನ. ಇಲ್ಲಿ ಎಡಗೈ ಕಡಿ ಹೊಂಟಾನ. ನಾಕು ದಿನ ನೋಡೇನಿ, ಒಂದಿನಾನೂ ತಪ್ಪಿಲ್ಲ."

ನಿಜವಾಗಿತ್ತು. ಭೂಮಿಯ ಈ ಕೆಳಗಿನ ಭಾಗದಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆ. ಶಾಲೆಯಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ನಾಲ್ಕು ವರ್ಷದಿಂದ ಇದೇ ಊರಲ್ಲಿದ್ದೆ, ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ. ಅವ್ವ ಬರಿಗಣ್ಣಲ್ಲಿ ಕಂಡುಹಿಡಿದಿದ್ದಳು. ಅವಳ ಪಕ್ಕದಲ್ಲಿ ನಿಂತು ನಾನೂ ಮೇಲೆ ನೋಡಿದೆ. ನಾವು ನಿಂತ ನೆಲವೇ ಒಂದು ದುಂಡನೆಯ ವಸ್ತುವಿನ ಬೇರೆ ಮಗ್ಗುಲು ಎಂಬುದು ಆ ಕ್ಷಣ ಪಾದಕ್ಕೆ ತಿಳಿದಂತಿತ್ತು.

ಮನೆಯ ಉತ್ತರದ ಕೋಣೆಯಲ್ಲಿ ನಾವು ಸೂಟ್‌ಕೇಸು, ಅಕ್ಕಿ ಚೀಲ ಪೇರಿಸಿ ಪರದೆ ಎಳೆದಿಟ್ಟಿದ್ದೆವು. ಕೂರುತ್ತಿದ್ದದ್ದು ದಕ್ಷಿಣದ ಹಾಲ್‌ನಲ್ಲಿ. ಅವ್ವ ಹೋಗಿ ಪರದೆ ಸರಿಸಿದಳು. ಬಾಗಿ ಬಂದ ಚಳಿಗಾಲದ ಬಿಸಿಲು ನೆಲದುದ್ದಕ್ಕೂ ಹರಿದು ಎದುರು ಗೋಡೆಯ ಅರ್ಧಕ್ಕೆ ಏರಿತು. ಅಂದೇ ಸೋಫಾ, ಮೇಜು, ಮಗಳ ಪುಸ್ತಕ ಎಲ್ಲ ಅಲ್ಲಿಗೆ ಸಾಗಿಸಿದೆವು. ಮಗಳು ನೆಲದ ಮೇಲೆ ಅಂಗಾತ ಬಿದ್ದು, "ಅಜ್ಜಿ, ಇಟ್ಸ್ ಸೋ ವಾರ್ಮ್!" ಎಂದಳು. ಬಿಸಿಲು ಕಿಟಕಿ ಬಿಡುತ್ತಲೇ ಅವ್ವ ಪರದೆ ಮುಚ್ಚಿಸುತ್ತಿದ್ದಳು, ಬಾಗಿಲ ಸಂದಿಗೆ ಹಳೆಯ ಸೀರೆ ಸುತ್ತಿ ಒತ್ತುತ್ತಿದ್ದಳು. ಬಾಯ್ಲರು ಬೆಳಿಗ್ಗೆ ಒಂದು ತಾಸು, ಸಂಜೆ ಎರಡು ತಾಸು ಉರಿದರೆ ಸಾಕಾಗುತ್ತಿತ್ತು.

ಜುಲೈ ಕೊನೆಗೆ ಡೀಸೆಲ್ ಲಾರಿ ಬಂತು. ಓಡಿಸುತ್ತಿದ್ದವರು ಐವತ್ತು ದಾಟಿದ ಹೆಂಗಸು. ಟ್ಯಾಂಕಿನ ಮಟ್ಟ ನೋಡಿ, "ಅರ್ಧವೂ ಖಾಲಿಯಾಗಿಲ್ಲವಲ್ಲ! ಊರಲ್ಲಿರಲಿಲ್ಲವೇ ನೀವು?" ಎಂದು ನಕ್ಕರು. ನಾನು ಅವ್ವನ ಕಡೆ ಕೈ ತೋರಿಸಿದೆ.

"ಇದು ಎಲ್ಲಿಂದ ಬರ್ತದ, ಕೇಳು," ಅಂದಳು ಅವ್ವ.

ಗುಡ್ಡದಾಚೆಯ ಲಿಟಲ್ಟನ್ ಬಂದರಿಗೆ ಹಡಗಲ್ಲಿ ಬರುತ್ತದೆ, ಅದಕ್ಕೂ ಮುಂಚೆ ಯಾವುದೋ ದೇಶದಲ್ಲಿ ನೆಲದ ಆಳದಿಂದ ತೆಗೆದಿರುತ್ತಾರೆ ಎಂದರು ಆಕೆ. ನಾನು ಕನ್ನಡದಲ್ಲಿ ಹೇಳಿದೆ. ಲಾರಿಯಿಂದ ಟ್ಯಾಂಕಿಗೆ ಎಳೆದಿದ್ದ ದಪ್ಪ ಪೈಪಿನ ಮೇಲೆ ಅವ್ವ ಕೈ ಇಟ್ಟಳು. ಒಳಗೆ ಎಣ್ಣೆ ಹರಿಯುವ ನಡುಕ ಅಂಗೈಗೆ ತಾಗಿರಬೇಕು, ಕೈ ತೆಗೆಯಲೇ ಇಲ್ಲ.

"ಭೂಮಿ ಹೊಟ್ಟ್ಯಾಗಿಂದ ತಗದು, ಸಮುದ್ರ ದಾಟಿಸಿ, ನಿನ್ನ ಹಿತ್ತಲ ತನಕಾ ತಂದು ಕೊಡ್ತಾರ. ತುಟ್ಟಿ ಅಂತ ಅತ್ತಿಯಲ್ಲಾ ಅವತ್ತು. ನನ್ನ ಕೇಳಿದ್ರ ಅಗ್ಗಾತು."

ಆಗಸ್ಟಿನಲ್ಲಿ ಎರಡು ದಿನ ಬಿಡದೆ ಹಿಮ ಬಿತ್ತು. ಬಿಸಿಲಿನ ಸುಳಿವಿಲ್ಲ. "ಈಗ ಹಚ್ಚು. ಇಂಥಾದ್ದಕ್ಕ ಅಂತನ ಐತದು," ಅಂದಳು ಅವ್ವ. ಬಾಯ್ಲರು ಎರಡೂ ದಿನ ಉರಿಯಿತು. ಅವಳು ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತು, ಕಿಟಕಿಯಾಚೆ ಬೇಲಿ, ಶೆಡ್ಡು ಒಂದೊಂದಾಗಿ ಬಿಳಿಯಾಗುವುದನ್ನು ನೋಡಿದಳು. "ಇಷ್ಟು ಬಿದ್ರೂ ಸಪ್ಪಳನ ಇಲ್ಲಲ್ಲಾ," ಎಂದಳು. ಆಮೇಲೆ ತಿರುಗಿ ಬಿಸಿ ಕಬ್ಬಿಣವನ್ನು ಎರಡೂ ಕೈಯಿಂದ ಮುಟ್ಟಿ, ಮಂಗಳಾರತಿ ತಗೊಳ್ಳುವ ಹಾಗೆ ಕಣ್ಣಿಗೊತ್ತಿಕೊಂಡಳು.

ನಾನು ನೋಡುತ್ತಲೇ ನಿಂತಿದ್ದೆ.

"ಏನ್ ನೋಡ್ತಿ?" ಅಂದಳು. "ಚಹಾ ಇಡು ಹೋಗು."