ತೋಳು ಮುಚ್ಚಿದ ರವಿಕೆ

ಮದುವೆ ರವಿಕೆಗೆ ಅಳತೆ ತೆಗೆಯಲು ಆ ಹುಡುಗಿಯ ತೋಳು ಹಿಡಿದವಳು ಬೆಚ್ಚಿಬಿದ್ದೆ. ಭುಜದಿಂದ ಕೆಳಗೆ ಗೇಣುದ್ದದ ಹೊಲಿಗೆಯ ಕಲೆ, ಸುತ್ತಲೂ ಹಳೆಯ ಗಾಯಗಳ ಗುರುತು. ಕೊಪ್ಪದ ನನ್ನ ಟೈಲರ್ ಅಂಗಡಿಗೆ ಅವಳು ಸೀತೂರಿನಿಂದ ತಾಯಿಯ ಜೊತೆ ಬಂದಿದ್ದಳು.

"ಯಾರು ಹೊಡೆದದ್ದು?" ಎಂದು ಮೆಲ್ಲಗೆ ಕೇಳಿದೆ.

"ಯಾರೂ ಹೊಡೆದಿಲ್ಲ ಅಕ್ಕಾ. ರಗ್ಬಿ ಆಡ್ವಾಗ ಆದದ್ದು. ಚೆಂಡು ಹಿಡ್ಕೊಂಡು ಓಡೋರನ್ನ ಕೆಡವೋ ಆಟ. ಆರು ವರ್ಷ ಭಾರತ ತಂಡದಲ್ಲಿದ್ದೆ" ಎಂದಳು.

ಅಷ್ಟರಲ್ಲಿ ತಾಯಿ ಹತ್ತಿರ ಬಂದು, "ಗಂಡಿನ ಮನೆಯವ್ರಿಗೆ ಇದೆಲ್ಲ ಹೇಳಿಲ್ಲ ಮಾರಾಯ್ತಿ. ಕಲೆ ಕಾಣದ ಹಾಗೆ ತೋಳು ಉದ್ದ ಇಡು" ಎಂದರು. ಹುಡುಗಿ ದುಪ್ಪಟ್ಟಾ ಎಳೆದು ತೋಳು ಮುಚ್ಚಿಕೊಂಡಳು.

ಹೇಳಿದಂತೆಯೇ ಹೊಲಿದುಕೊಟ್ಟೆ. ದೇಶಕ್ಕಾಗಿ ಆಡಿ ಆದ ಗಾಯವನ್ನು ಮುಚ್ಚಿಕೊಟ್ಟವಳು ನಾನೇ ಎಂದು ನೆನೆದರೆ ಈಗಲೂ ಮನಸ್ಸಿಗೆ ಕಸಿವಿಸಿಯಾಗುತ್ತದೆ.