ಪಾಸ್‌ವರ್ಡ್ ಕೂಡಲಿಲ್ಲ, ಸಂಬಂಧ ತಡೀರಿ

"ಈ ಹುಡುಗಿ ಖೊಟ್ಟಿ ಅದಾಳ. ಸೈಟಿನಿಂದ ತಗದ್ ಬಿಡು."

ಮೊನ್ನೆ ವಿದ್ಯಾನಗರದ ನನ್ನ ಆಫೀಸಿಗೆ ಬಂದ ಗೋವಿಂದ ಕಾಕಾ, ಕೂರುವ ಮೊದಲೇ ಕೊಟ್ಟ ತೀರ್ಪು ಇದು. ಊರಿನ ಅರ್ಧ ಮದುವೆಗಳನ್ನು ಕುದುರಿಸಿದವರು ಅವರು. (ಇನ್ನರ್ಧ ಅವರನ್ನು ಕೇಳದೆ ಆದವಂತೆ, ಅದಕ್ಕೇ ಜಗಳ ಜಾಸ್ತಿಯಂತೆ.) ಅವರಿಗೆ ನಾನು ಎರಡು ವೆಬ್‌ಸೈಟ್ ಮಾಡಿಕೊಟ್ಟಿದ್ದೇನೆ. ಒಂದು ವಧು-ವರರದು, ಇನ್ನೊಂದು ಬರೀ ಹರಟೆಯದು. ಎರಡಕ್ಕೂ ಒಂದೇ ಲಾಗಿನ್ ಮಾಡು ಎಂದಿದ್ದರು. ಆ ಕೆಲಸ ನಡೆದಿತ್ತು.

ಅಷ್ಟರಲ್ಲಿ ಕಾಕಾ ಎರಡೂ ಸೈಟಿನ ಸದಸ್ಯರ ಪಟ್ಟಿಯನ್ನು ಹಟ ಹಿಡಿದು ಪ್ರಿಂಟ್ ಮಾಡಿಸಿಕೊಂಡು ಹೋದರು. (ಮಾಲೀಕರಿಗೆ ಇಲ್ಲ ಎನ್ನಲಾದೀತೇ?) ಮನೆಯಲ್ಲಿ ಕೂತು, ಜಾತಕದ ಹಾಗೆ ಪಕ್ಕಪಕ್ಕ ಇಟ್ಟು ನೋಡಿದ್ದಾರೆ. ಸವಿತಾ ಎಂಬ ಹುಡುಗಿ ಎರಡರಲ್ಲೂ ಇದ್ದಾಳೆ. ಅದೇ ಹೆಸರು, ಅದೇ ಇ-ಮೇಲ್. ಪಾಸ್‌ವರ್ಡ್ ಕಾಲಮ್ಮಿನ ಗೋಜಲು ಅಕ್ಷರಗಳು ಮಾತ್ರ ಬೇರೆ ಬೇರೆ.

"ಎರಡೂ ಕಡೆ ಒಂದ ಪಾಸ್‌ವರ್ಡ್ ಅಂತ ಆಕಿ ಹೇಳ್ಯಾಳ. ಇಲ್ಲಿ ನೋಡಿದ್ರ ಏನೂ ಕೂಡವಲ್ದು. ಯಾರೋ ಆಕಿ ಹೆಸರು ಹಾಕ್ಯಾರ."

ರವಿವಾರ ಬೈರಿದೇವರಕೊಪ್ಪದಿಂದ ಗಂಡಿನ ಕಡೆಯವರು ಸವಿತಾಳನ್ನು ನೋಡಲು ಬರುವವರಿದ್ದರು. ಅವರಿಗೆ ಕಾಕಾ ಫೋನ್ ಮಾಡಿ, "ಹುಡುಗಿದು ಏನೋ ಕೂಡವಲ್ದು, ತಡೀರಿ" ಎಂದೂ ಆಗಿತ್ತು. ಅವರು ಮರುಮಾತಿಲ್ಲದೆ ತಡೆದಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

"ಕಾಕಾ, ಸೈಟು ಯಾರ ಪಾಸ್‌ವರ್ಡೂ ಇಟ್ಕೊಳ್ಳೂದಿಲ್ರಿ. ಅದಕ್ಕ ತನ್ನದೊಂದಿಷ್ಟು ಅಕ್ಷರ ಬೆರಸಿ, ರುಬ್ಬಿ ಇಡ್ತದ. ಹಂಗ ಬೆರಸೂ ಅಕ್ಷರಕ್ಕ ಸಾಲ್ಟ್, ಅಂದ್ರ ಉಪ್ಪು, ಅಂತಾರ. ಒಂದೊಂದು ಸೈಟಿನ ಸಾಲ್ಟ್ ಒಂದೊಂದು ಥರ. ಪಾಸ್‌ವರ್ಡ್ ಒಂದ ಇದ್ರೂ ರುಬ್ಬಿದ್ದು ಬ್ಯಾರೇನ ಕಾಣ್ತದ."

"ಹಂಗಾರ ಹಿಂದಕ್ಕ ಬಿಡಿಸಿ ನೋಡು."

ರುಬ್ಬಿದ ಚಟ್ನಿಯಿಂದ ಯಾರಾದರೂ ಕಾಯಿ ತೆಗೆದಿದ್ದಾರೆಯೇ?

"ಮತ್ತ ಖರೇ ಏನಂತ ಹೆಂಗ ತಿಳೀತದ?"

"ಆಕಿನ್ನ ಕರಸ್ರಿ."

ಸವಿತಾ ಬಂದಳು, ಗಂಡಿನ ಕಡೆಯವರನ್ನು ತಡೆದದ್ದೂ ಸೇರಿ ನಡೆದದ್ದನ್ನೆಲ್ಲ ಕೇಳಿಕೊಂಡಳು. ನಾವು ಆಚೆ ಮುಖ ಮಾಡಿದೆವು, ಆಕೆ ಪಾಸ್‌ವರ್ಡ್ ಹೊಡೆದಳು. ಕಂಪ್ಯೂಟರ್ ಅದಕ್ಕೆ ಮೊದಲ ಸೈಟಿನ ಸಾಲ್ಟ್ ಬೆರೆಸಿ ರುಬ್ಬಿತು, ಅಲ್ಲಿ ಇಟ್ಟದ್ದರ ಜೊತೆ ಹೋಲಿಸಿತು. ಹೊಂದಿತು. ಎರಡನೆಯ ಸೈಟಿನ ಸಾಲ್ಟ್ ಬೆರೆಸಿತು. ಅದೂ ಹೊಂದಿತು. ಎರಡು ಖಾತೆಗಳು ಒಂದಾದವು.

ಕಾಕಾ ಖುಷಿಯಿಂದ ಮೊಬೈಲ್ ತೆಗೆದರು. "ರವಿವಾರ ಬರ್ರಿ ಅಂತೇನಿ."

"ಬ್ಯಾಡ್ರಿ ಕಾಕಾ" ಎಂದಳು ಸವಿತಾ. "ತಡೀರಿ ಅಂದಕೂಡ್ಲೆ ತಡದ್ರು. ನನಗೊಂದು ಫೋನ್ ಮಾಡಿ, ಏನ್ವಾ ಇದು ಅಂತ ಕೇಳಲಿಲ್ಲ. ಅಂಥವರ ಮನಿಗೆ ನಾ ಯಾಕ ಹೋಗ್ಲಿ?"

ಕಾಕಾ ಮೊಬೈಲ್ ಜೇಬಿಗೆ ಹಾಕಿಕೊಂಡರು.

ಕೂಡುತ್ತದೋ ಇಲ್ಲವೋ ಎಂದು ಹೇಳುವ ಮೊದಲು ಹುಡುಗಿಯನ್ನೇ ಕೇಳಬೇಕು ಎಂಬುದು ಕಂಪ್ಯೂಟರಿಗೂ ಗೊತ್ತಿದೆ. ನಮಗೆ ಯಾವಾಗ ಗೊತ್ತಾಗುವುದು?